ಸಂಬಂಧಪಟ್ಟವರು ಎಲ್ಲಿ ಕುಂತಾರ?

ವಿಶ್ವವಿದ್ಯಾನಿಲಯದಲ್ಲಿ ಯಾರಿಗೂ ಬೇಡದ ಕೆಲಸವೊಂದು ಹುಟ್ಟಿಕೊಂಡರೆ ಮೊದಲು ಅದಕ್ಕೊಂದು ಸಮಿತಿಯಾಗುತ್ತದೆ. ಹಿರಿಯರು ಅಧ್ಯಕ್ಷರು, ಅವರಿಗೆ ಬೇಕಾದವರು ಸದಸ್ಯರು, ಸಭೆಯ ದಿನ ರಜೆ ಹಾಕಿದವನು ಸಂಚಾಲಕ. ಹೊಸದಾಗಿ ಎಂಎ, ಎಂಎಸ್ಸಿ, ಎಂಕಾಂಗೆ ಸೇರಿದ ಮಕ್ಕಳಿಗೆ ನಡೆಸುವ ಓರಿಯೆಂಟೇಷನ್ನಿಗೆ ನಾನು ಸಂಚಾಲಕನಾದದ್ದು ಹೀಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ನೀವು ಚಿಕ್ಕವರು, ಓಡಾಡ್ತೀರಿ’ ಎಂದು ಈ ಜವಾಬ್ದಾರಿ ಹೊರಿಸಿದರು. ಈಗ ಮಂಡಿನೋವು ಬಂದಿದೆ, ‘ನಿಮಗೆ ಅನುಭವ ಇದೆ’ ಎಂದು ಹೊರಿಸುತ್ತಾರೆ.

ಓರಿಯೆಂಟೇಷನ್ ಎಂದರೆ ಹೊಸ ಮಕ್ಕಳಿಗೆ ಕ್ಯಾಂಪಸ್ಸಿನ ಪರಿಚಯ ಮಾಡಿಕೊಡುವುದು ಎಂದು ನೀವು ತಿಳಿದಿರಬಹುದು. ಸಂಚಾಲಕನ ಮಟ್ಟಿಗೆ ಅದು ಆಹ್ವಾನಪತ್ರಿಕೆಯ ಕರಡು ತಿದ್ದುವ ಕೆಲಸ. ಕುಲಪತಿಗಳ ಹೆಸರು ಎಲ್ಲರಿಗಿಂತ ಮೇಲೆ, ಅದರಲ್ಲಿ ತಕರಾರಿಲ್ಲ. ಆಡಳಿತದ ಕುಲಸಚಿವರು, ಮೌಲ್ಯಮಾಪನದ ಕುಲಸಚಿವರು ಅಕ್ಕಪಕ್ಕ, ಒಂದೇ ಗಾತ್ರದ ಅಕ್ಷರದಲ್ಲಿ ಬರಬೇಕು. ಒಂದು ಸಲ ಪ್ರೆಸ್ಸಿನವನು ಒಬ್ಬರದನ್ನು ಕೂದಲೆಳೆಯಷ್ಟು ಚಿಕ್ಕದು ಮಾಡಿದ್ದಕ್ಕೆ ಆ ಸಾಹೇಬರು ವೇದಿಕೆಯ ಮೇಲೆ ಹೂಗುಚ್ಛವನ್ನು ಎಡಗೈಯಲ್ಲಿ ತೆಗೆದುಕೊಂಡರು. ಆಮೇಲೆ ಹಣಕಾಸು ಅಧಿಕಾರಿ, ಡೀನರು, ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ, ಗ್ರಂಥಪಾಲಕರು, ದೈಹಿಕ ಶಿಕ್ಷಣದ ನಿರ್ದೇಶಕರು, ಎನ್ನೆಸ್ಸೆಸ್ಸಿನವರು. ಹೇಳುವುದೇನೂ ಇಲ್ಲದ, ಆದರೆ ಹೆಸರು ಬಿಟ್ಟರೆ ಕಷ್ಟವಾಗುವ ಗಣ್ಯರಿಗಾಗಿಯೇ ಹಿಂದಿನವರು ‘ಘನ ಉಪಸ್ಥಿತಿ’ ಎಂಬ ಒಂದು ಸಾಲನ್ನು ಕಂಡುಹಿಡಿದಿದ್ದಾರೆ. ಆ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಕಾರ್ಯಕ್ರಮದ ದಿನ ನಾಡಗೀತೆಗೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಕೂರುತ್ತಾರೆ. ದೀಪ ಆರದಿರಲೆಂದು ಫ್ಯಾನ್ ಆರಿಸುತ್ತೇವೆ. ಆಮೇಲೆ ಹಾಕುವುದನ್ನು ಮರೆಯುತ್ತೇವೆ. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಮಕ್ಕಳು ತಮ್ಮ ತಮ್ಮಲ್ಲೇ ಪರಿಚಯ ಮಾಡಿಕೊಂಡು, ಒಂದು ವಾಟ್ಸ್‌ಆ್ಯಪ್ ಗುಂಪು ಕಟ್ಟಿ, ಅದರಲ್ಲಿ ಇಬ್ಬರು ಜಗಳವಾಡಿ ಹೊರಗೂ ಹೋಗಿರುತ್ತಾರೆ.

ಆಮೇಲೆ ಭಾಷಣಗಳು. ನಮ್ಮ ಗ್ರಂಥಪಾಲಕರ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ. ಅವರು ಬೆಂಗಳೂರಿನಲ್ಲಿ ಓದಿದವರು, ಎಸ್. ಆರ್. ರಂಗನಾಥನ್ 1962ರಲ್ಲಿ ಅಲ್ಲಿ ಕಟ್ಟಿದ ಗ್ರಂಥಾಲಯ ವಿಜ್ಞಾನದ ಕೇಂದ್ರದ ಶಿಷ್ಯಪರಂಪರೆ. ಹಾಗಾಗಿ ಪ್ರತಿವರ್ಷವೂ ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳನ್ನು ಒಂದೊಂದಾಗಿ ಬಿಡಿಸಿ ವಿವರಿಸುತ್ತಾರೆ. ಓದುಗನ ಸಮಯ ಉಳಿಸಬೇಕು ಎಂಬ ನಾಲ್ಕನೆಯ ಸೂತ್ರಕ್ಕೆ ಮಾತ್ರ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಕನ್ನಡ ಸಾಹಿತ್ಯದ ಪುಸ್ತಕಗಳು ಡ್ಯೂಯಿ ವರ್ಗೀಕರಣದಲ್ಲಿ 894.814 ಎಂಬ ಸಂಖ್ಯೆಯ ಕೆಳಗೆ ಬರುತ್ತವೆ ಎಂದು ಒಂದು ವರ್ಷ ಅವರು ಹೇಳಿದಾಗ ಎಂಎ ಕನ್ನಡದ ಹುಡುಗನೊಬ್ಬ ಅದನ್ನು ಅಂಗೈ ಮೇಲೆ ಬರೆದುಕೊಂಡ. ಇವನೊಬ್ಬನಾದರೂ ಉದ್ಧಾರವಾದ ಎಂದುಕೊಂಡೆ. ಹಾಸ್ಟೆಲಿಗೆ ಹೋಗುವ ಬಸ್ಸಿನ ನಂಬರ್ ಅಂದುಕೊಂಡಿದ್ದನೆಂದು ಆಮೇಲೆ ತಿಳಿಯಿತು.

ಕ್ರೆಡಿಟ್ಟಿನ ಬಗ್ಗೆ ಮಾತಾಡಿದವರು ಹಾರ್ಡ್ ಕೋರ್, ಸಾಫ್ಟ್ ಕೋರ್, ಓಪನ್ ಎಲೆಕ್ಟಿವ್ ಎಂದು ಮೂರು ಜಾತಿ ಮಾಡಿ ಹೇಳಿದರು. ಹಾಜರಾತಿ ನೂರಕ್ಕೆ 75 ಇರಬೇಕೆಂದದ್ದು ಮಾತ್ರ ಎಲ್ಲರಿಗೂ ಅರ್ಥವಾಯಿತು, ಉಳಿದ 25ರ ಲೆಕ್ಕಾಚಾರ ಅಲ್ಲೇ ಶುರುವಾಯಿತು. ಆರೋಗ್ಯ ಕೇಂದ್ರದ ವೈದ್ಯರು ಎರಡೇ ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದರು. ಉದ್ಯೋಗ ಮಾಹಿತಿ ಘಟಕದವರು ಎರಡು ವರ್ಷದ ಆಚೆಗಿನ ಮಾತಾಡಿದರು. ರ್‍ಯಾಗಿಂಗ್ ತಡೆ ಸಮಿತಿಯವರು ಯುಜಿಸಿಯ 2009ರ ನಿಯಮಾವಳಿ ಓದಿ, ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕೆಂದು ಹೇಳಿ, ಹಗಲೂ ರಾತ್ರಿಯೂ ಕೆಲಸ ಮಾಡುವ ಸಹಾಯವಾಣಿ 1800-180-5522 ಎಂದು ಎರಡು ಸಲ ಓದಿದರು. ಕೂತ ಮಕ್ಕಳ ಉಪಯೋಗಕ್ಕೆ ಬೀಳುವಂಥ ಸಂಖ್ಯೆ ಅಂದು ವೇದಿಕೆಯಿಂದ ಬಂದದ್ದು ಅದೊಂದೇ.

ಏಕೆಂದರೆ ಆ ಮಕ್ಕಳಿಗೆ ಬೇಕಾದದ್ದೇ ಬೇರೆ. ಬಾಗಿಲ ಬಳಿ ನಿಂತು ಹೆಸರು ಬರೆದುಕೊಳ್ಳುವಾಗ ನನಗೆ ಮೊದಲು ಕಾಣುವುದು ಅವರ ಕೈಯಲ್ಲಿನ ಚೀಲ. ಸೀರೆ ಅಂಗಡಿಯದೋ ಬಂಗಾರದ ಅಂಗಡಿಯದೋ ದಪ್ಪ ಚೀಲ, ಅದರೊಳಗೆ ಜಿಪ್ ಇರುವ ಪ್ಲಾಸ್ಟಿಕ್ ಫೈಲು, ಅದರೊಳಗೆ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಯ ಕೊನೆಯ ಸೆಮಿಸ್ಟರಿನವರೆಗಿನ ಅಂಕಪಟ್ಟಿ, ಟಿಸಿ, ಮೈಗ್ರೇಷನ್, ನಾಡಕಚೇರಿಯಲ್ಲಿ ಮಾಡಿಸಿದ ಜಾತಿ ಮತ್ತು ಆದಾಯ ಪತ್ರ, ಒಂದಕ್ಕೊಂದು ಅಂಟಿಕೊಂಡ ಪಾಸ್‌ಪೋರ್ಟ್ ಅಳತೆಯ ಫೋಟೋಗಳು. ‘ಒರಿಜಿನಲ್ ಯಾರ ಕೈಗೂ ಕೊಡಬೇಡ’ ಎಂದು ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ, ಹಾಗಾಗಿ ನಾಡಗೀತೆಗೆ ಎದ್ದಾಗಲೂ ಚೀಲ ಎದೆಗೇ ಇರುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೆ ಆ ಜಾತಿ-ಆದಾಯ ಪತ್ರದ ಆರ್‌ಡಿ ನಂಬರು ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಯ ಖರ್ಚಿಗೆಂದು ಕೊಡುವ ವಿದ್ಯಾಸಿರಿ ಎಂಬ ಯೋಜನೆಯೂ ಇದೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರು ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತುತ್ತಾರೆ, ಹುಡುಗರು ಪಾಸಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಸೌಲಭ್ಯಗಳಿಗೇನೂ ಬರವಿಲ್ಲ. ಯಾವ ಕಾಗದವನ್ನು ಯಾವ ಕಿಟಕಿಗೆ ಎಷ್ಟು ಗಂಟೆಯೊಳಗೆ ಕೊಡಬೇಕು ಎನ್ನುವುದಷ್ಟೇ ಯಾರ ಭಾಷಣದಲ್ಲೂ ಇರುವುದಿಲ್ಲ.

ಆ ವರ್ಷ ಪ್ರಶ್ನೋತ್ತರಕ್ಕೆ ಐದು ನಿಮಿಷ ಇಟ್ಟಿದ್ದೆವು. ವಾಡಿಕೆಯಂತೆ ಯಾರೂ ಏನೂ ಕೇಳುವುದಿಲ್ಲ, ನಿರೂಪಕಿ ‘ಎಲ್ಲವೂ ಸ್ಪಷ್ಟವಾಗಿದೆ ಎಂದು ಭಾವಿಸುತ್ತೇವೆ’ ಎಂದು ವಂದನಾರ್ಪಣೆಗೆ ಹೋಗುತ್ತಾಳೆ. ಅಂದು ಮುಂದಿನ ಸಾಲಿನಲ್ಲಿ, ಗಣ್ಯರಿಗೆಂದು ಬಿಳಿ ಬಟ್ಟೆ ಹೊದಿಸಿದ್ದ ಸೋಫಾದಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು ನಿಂತರು. ಲಿಂಗಸುಗೂರು ಕಡೆಯವರು, ಮಗಳನ್ನು ಬಿಡಲು ಬಂದಿದ್ದರು. ಮಗಳು ಸೆರಗು ಹಿಡಿದು ಕೆಳಗೆ ಎಳೆಯುತ್ತಲೇ ಇದ್ದಳು.

‘ಸರ್ರ, ಒಂದ್ ಮಾತ್ ಕೇಳ್ಲೇನ್ರಿ? ಹುಡುಗ್ಯಾರ ಹಾಸ್ಟೆಲ್ ಯಾವಾಗ ಕೊಡ್ತೀರಿ? ಅಲ್ಲೀತನಕ ಇಕಿ ಎಲ್ಲಿರಬೇಕ್ರಿ?’

ಕುಲಪತಿಗಳು ಮುಗುಳ್ನಕ್ಕು ಕುಲಸಚಿವರ ಕಡೆ ನೋಡಿದರು.

‘ವಾರ್ಡನ್ ಬಾಯಾರು ರಾತ್ರಿ ಅಲ್ಲೇ ಇರ್ತಾರೇನ್ರಿ, ಮನಿಗೆ ಹೋಗ್ತಾರೇನು? ನಡುರಾತ್ರ್ಯಾಗ ಆರಾಮ ತಪ್ಪಿದ್ರ ಯಾರಿಗೆ ಫೋನ್ ಹಚ್ಚಬೇಕ್ರಿ?’

ಕುಲಸಚಿವರು ಡೀನರನ್ನು ನೋಡಿದರು. ಡೀನರು ಮೈಕಿನ ಹತ್ತಿರ ಬಾಗಿ, ‘ಬಹಳ ಒಳ್ಳೆಯ ಪ್ರಶ್ನೆ ಅಮ್ಮ. ಈ ವಿಷಯವನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು’ ಎಂದರು.

‘ಸಂಬಂಧಪಟ್ಟೋರು ಅಂದ್ರ ಯಾರ್ರಿ? ಇಲ್ಲಿ ಕುಂತೋರೊಳಗ ಅದಾರೇನು?’

ವೇದಿಕೆಯ ಮೇಲಿನ ಒಂಬತ್ತು ಮಂದಿ ಒಬ್ಬರನ್ನೊಬ್ಬರು ನೋಡಿಕೊಂಡರು. ನೋಟ ಎಡದ ತುದಿಗೆ ಹೋಗಿ, ವಾಪಸು ಬಲದ ತುದಿಗೆ ಬಂದು, ಅಲ್ಲಿ ಕುರ್ಚಿ ಮುಗಿದದ್ದರಿಂದ ಮೆಟ್ಟಿಲ ಬಳಿ ನೆನಪಿನ ಕಾಣಿಕೆಗಳ ತಟ್ಟೆ ಹಿಡಿದು ನಿಂತಿದ್ದ ನನ್ನ ಮೇಲೆ ನಿಂತಿತು. ಸಂಚಾಲಕ! ‘ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಕಾಣಿ ಅಮ್ಮ’ ಎಂದುಬಿಟ್ಟೆ. ಮುಗಿದ ಮೇಲೆ ಕಾಣಲು ಬಂದದ್ದು ಆ ತಾಯಿಯೊಬ್ಬರೇ ಅಲ್ಲ, ಚೀಲ ಹಿಡಿದ ಅರ್ಧ ಸಭೆ. ಉಳಿದರ್ಧ ಪಲಾವಿನ ಸಾಲಿನಲ್ಲಿತ್ತು.

ಎಲ್ಲರನ್ನೂ ಕಟ್ಟಿಕೊಂಡು ಆಡಳಿತ ಕಚೇರಿಗೆ ಹೋದೆ. ಹಾಸ್ಟೆಲ್ ವಿಭಾಗ ಇರುವುದು ಮಹಡಿ ಮೆಟ್ಟಿಲ ಕೆಳಗೆ, ಟಪಾಲು ಶಾಖೆಯ ಹಿಂದೆ. ಅಲ್ಲಿನ ಕೇಸ್ ವರ್ಕರ್ ಒಬ್ಬ ನಡುವಯಸ್ಸಿನ ಹೆಂಗಸು. ಮೇಜಿನ ಗಾಜಿನಡಿ ಒಂದು ದೇವರ ಪಟ, ಒಂದು ರಜಾ ಪಟ್ಟಿ, ಕೈಬರಹದಲ್ಲಿ ವಾರ್ಡನ್ನು, ಆ್ಯಂಬುಲೆನ್ಸು, ಪ್ಲಂಬರು, ಹಾವು ಹಿಡಿಯುವವನು ಎಲ್ಲರ ಫೋನ್ ನಂಬರು. ಆಕೆ ಲೆಡ್ಜರಿನಿಂದ ತಲೆಯೆತ್ತದೆ ಹೇಳಿದರು:

‘ಫೈನಲ್ ಇಯರ್‌ನವರು ಇನ್ನೂ ರೂಮ್ ಬಿಟ್ಟಿಲ್ಲ. ಅವರ ನೋ ಡ್ಯೂ ಆದ್ಮೇಲೆ ಲಿಸ್ಟ್ ಹಾಕ್ತೀವಿ. ಅಲ್ಲಿಗಂಟ ಹುಡುಗೀರ್ಗೆ ಹಳೇ ಬ್ಲಾಕಿನ ಹಾಲಿದೆ, ಮಂಚ ಇಲ್ಲ, ಚಾಪೆ ತರ್ಬೇಕು. ಚಲನ್ ಒಂದು, ಫೋಟೋ ಎರಡು. ಹನ್ನೊಂದೂವರೆ ಒಳಗೆ ಬನ್ನಿ, ಆಮೇಲೆ ನಾನು ಬ್ಯಾಂಕಿಗೆ ಹೋಗ್ತೀನಿ. ವಾರ್ಡನ್ ಮೇಡಂ ರಾತ್ರಿ ಅಲ್ಲೇ ಇರ್ತಾರೆ, ನಂಬರ್ ಬರ್ಕೊಳ್ಳಿ. ನೀರು ಬೆಳಿಗ್ಗೆ ಐದರಿಂದ ಆರು, ಬಕೆಟ್ ದೊಡ್ಡದೇ ತನ್ನಿ.’

ನಮ್ಮ ರಾಜ್ಯದಲ್ಲಿ ಮಾನಸಗಂಗೋತ್ರಿ, ಮಂಗಳಗಂಗೋತ್ರಿ, ಶಿವಗಂಗೋತ್ರಿ ಎಂದು ಕ್ಯಾಂಪಸ್ಸುಗಳಿಗೆ ಗಂಗೆಯ ಹೆಸರಿಟ್ಟಿದ್ದೇವೆ. ನಮ್ಮದಕ್ಕೂ ಹೆಚ್ಚುಕಡಿಮೆ ಅಂಥದೇ ಒಂದು ಹೆಸರುಂಟು. ಗಂಗೆ ಐದರಿಂದ ಆರು ಎಂಬುದನ್ನು ಮಾತ್ರ ಶಂಕುಸ್ಥಾಪನೆಯ ಕಲ್ಲಿನಲ್ಲಿ ಕೊರೆಸಿಲ್ಲ.

ಲಿಂಗಸುಗೂರಿನ ತಾಯಿ ನಂಬರು ಬರೆಸಿಕೊಂಡು, ಅಲ್ಲೇ ನಿಂತು ವಾರ್ಡನ್ನಿಗೆ ಫೋನ್ ಹಚ್ಚಿ, ಅದು ನಿಜವಾಗಿ ಆಕೆಯದೇ ಎಂದು ಖಾತ್ರಿ ಮಾಡಿಕೊಂಡು, ‘ಇಕಿ ರಾತ್ರಿ ಓದಕೋತ ಕೂಡ್ತಾಳ್ರಿ, ಲೈಟ್ ತೆಗೀರಿ ಅನಬ್ಯಾಡ್ರಿ’ ಎಂದೂ ಹೇಳಿ ಮುಗಿಸಿದರು. ವೇದಿಕೆಯಲ್ಲಿ ಮೂರು ಗಂಟೆ ಹಿಡಿದ ಕೆಲಸ ಮೆಟ್ಟಿಲ ಕೆಳಗೆ ಮೂರು ನಿಮಿಷಕ್ಕೆ ಮುಗಿಯಿತು. ‘ಮುಂದಿನ ವರ್ಷ ನಿಮ್ಮನ್ನೇ ಮಾತಾಡಲು ಕರೀಬೇಕು ಮೇಡಂ’ ಎಂದೆ. ‘ಕರೆದ್ರೂ ಬರಲ್ಲ ಸಾರ್’ ಎಂದರು ಆಕೆ, ‘ನೀವು ಶಾಲು ಹೊದಿಸೋ ಹೊತ್ನಲ್ಲಿ ಇಲ್ಲಿ ಚಲನ್ ಯಾರು ನೋಡ್ತಾರೆ?’

ಸುಮ್ಮನಿರಲಾರದೆ ಪರಾಮರ್ಶೆ ಸಭೆಯಲ್ಲಿ ಪ್ರಸ್ತಾಪವಿಟ್ಟೆ. ಆ ತಾಯಿ ಕೇಳಿದ ಪ್ರಶ್ನೆಗಳನ್ನೂ ಮೆಟ್ಟಿಲ ಕೆಳಗಿನ ಉತ್ತರಗಳನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲೇ ಹಂಚಿದರೆ ಸಾಕು, ಭಾಷಣಗಳನ್ನು ಅರ್ಧಕ್ಕೆ ಇಳಿಸಬಹುದು ಎಂದೆ. ಎಲ್ಲರೂ ಮೆಚ್ಚಿದರು. ಮೆಚ್ಚಿ, ಒಂದು ಉಪಸಮಿತಿ ಮಾಡಿದರು. ಸಂಚಾಲಕ ಯಾರೆಂದು ಹೇಳಬೇಕಾಗಿಲ್ಲ. ‘ವಿದೇಶದಲ್ಲಿ ಹೇಗೆ ಮಾಡ್ತಾರೆ, ಅದನ್ನೂ ಅಧ್ಯಯನ ಮಾಡಿ’ ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಹೋಗಿಬರಲು ಅನುದಾನವಿಲ್ಲದ್ದರಿಂದ ಅಮೆರಿಕದಲ್ಲಿ ಎಂಎಸ್ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ವಾಟ್ಸ್‌ಆ್ಯಪ್ ಕರೆ ಮಾಡಿ ಅಧ್ಯಯನ ಮಾಡಿದೆ.

‘ಅಯ್ಯೋ ಸರ್, ಇಲ್ಲಿ ಒಂದು ವಾರ ನಡೆಯುತ್ತೆ’ ಎಂದಳು. ಅಲ್ಲಿ ಹೊರದೇಶದ ಮಕ್ಕಳಿಗೆಂದೇ ಒಂದು ಕಚೇರಿ. ಐ-20 ಎಂಬ ಕಾಗದವನ್ನು ಪ್ರಾಣದಂತೆ ಕಾಪಾಡಬೇಕು. ತರಗತಿ ಶುರುವಾದ 30 ದಿನದೊಳಗೆ ವಿಶ್ವವಿದ್ಯಾನಿಲಯ ಸರ್ಕಾರದ ದಾಖಲೆಯಲ್ಲಿ ಇವರ ಹೆಸರು ನೋಂದಾಯಿಸಬೇಕು, ಮನೆ ಬದಲಿಸಿದರೆ 10 ದಿನದೊಳಗೆ ತಿಳಿಸಬೇಕು. ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಇದನ್ನೆಲ್ಲ ದೊಡ್ಡ ಪರದೆಯ ಮೇಲೆ ತೋರಿಸಿ, ಪಿಜ್ಜಾ ಕೊಟ್ಟು, ಟೀ ಶರ್ಟು ಹಂಚಿ, ಆರೋಗ್ಯ ವಿಮೆ, ಆಪ್ತಸಮಾಲೋಚನೆ, ಬರವಣಿಗೆ ತಿದ್ದಿಕೊಡುವ ಕೇಂದ್ರ ಎಲ್ಲವನ್ನೂ ವಿವರಿಸುತ್ತಾರಂತೆ.

‘ಹಾಗಾದರೆ ನಿನಗೆ ಏನೂ ತೊಂದರೆ ಆಗಲಿಲ್ಲ ಅನ್ನು’ ಎಂದೆ.

‘ಆಗದೆ ಏನ್ ಸರ್? ಮೊದಲ ರಾತ್ರಿ ಎಲ್ಲಿ ಮಲಗೋದು ಅಂತ ಯಾರೂ ಹೇಳಿರಲಿಲ್ಲ. ದಾವಣಗೆರೆಯ ಅಕ್ಕ ಒಬ್ರು ಸೀನಿಯರ್ ಇದ್ರು, ಅವರ ಹಾಲಲ್ಲಿ ಚಾಪೆ ಹಾಸ್ಕೊಂಡೆ. ಕರಿಬೇವು ಸಿಗೋ ಅಂಗಡಿ ತೋರಿಸಿದ್ದೂ ಅವ್ರೇ.’

ಈ ಅಧ್ಯಯನದ ವರದಿಯನ್ನು ಉಪಸಮಿತಿಗೆ ಒಪ್ಪಿಸಿದೆ. ಅವರು ಅದರಲ್ಲಿ ಟೀ ಶರ್ಟನ್ನು ಮಾತ್ರ ಹಿಡಿದುಕೊಂಡು ಆರ್ಥಿಕ ಇಲಾಖೆಯ ಅನುಮೋದನೆಗೆ ಬರೆದರು. ಅದು ಬರಲಿಲ್ಲ. ಪೋಷಕರ ಧ್ವನಿಗೂ ಅವಕಾಶವಿರಬೇಕು ಎಂಬುದು ಒಮ್ಮತದಿಂದ ಅಂಗೀಕಾರವಾಗಿ, ಮರುವರ್ಷ ‘ಪೋಷಕರ ಪ್ರತಿನಿಧಿಯ ನುಡಿ’ ಎಂಬ ಹೊಸ ಬಾಬತ್ತು ಕಾರ್ಯಕ್ರಮಕ್ಕೆ ಸೇರಿತು. ಪ್ರತಿನಿಧಿಯಾಗಿ ಬಂದವರು ನಿವೃತ್ತ ಅಧಿಕಾರಿಗಳು. ಅವರಿಗೂ ಶಾಲು, ಪೇಟ, ಹಣ್ಣಿನ ಬುಟ್ಟಿ. ಇಂದಿನ ಯುವಜನರಲ್ಲಿ ಶಿಸ್ತು ಕಡಿಮೆಯಾಗುತ್ತಿರುವುದರ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಅಷ್ಟು ಹೊತ್ತು ಬೇಕಾದದ್ದರಿಂದ ಪ್ರಶ್ನೋತ್ತರದ ಐದು ನಿಮಿಷವನ್ನು ಕೈಬಿಟ್ಟೆವು.

ನನ್ನ ಹಾಳೆಯೂ ಅಚ್ಚಾಯಿತು, ಇಲ್ಲವೆನ್ನಲಾರೆ. ಮುಕ್ಕಾಲು ಭಾಗ ಕುಲಪತಿಗಳಿಂದ ಹಿಡಿದು ಎಲ್ಲರ ಭಾವಚಿತ್ರ ಮತ್ತು ಶುಭ ಸಂದೇಶ. ಅಡಿಯಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ, ಹಾಸ್ಟೆಲ್ ವಾರ್ಡನ್ನರ ಫೋನ್ ನಂಬರು, ಅದರಲ್ಲಿ ಒಂಬತ್ತೇ ಅಂಕಿ. ಹೊಸ ಅಚ್ಚು ಹಾಕಿಸಲು ಕಡತ ಮಂಡಿಸಬೇಕೆಂದರು. ನಾನು ಕಡತ ಮಂಡಿಸುವ ಮೊದಲೇ ಎರಡನೇ ವರ್ಷದ ಹುಡುಗಿಯರು ಸಭಾಂಗಣದ ಬಾಗಿಲಲ್ಲಿ ನಿಂತು, ಹಾಳೆ ಹಂಚುವಾಗಲೇ ಹತ್ತನೆಯ ಅಂಕಿಯನ್ನು ಪೆನ್ನಿನಲ್ಲಿ ಸೇರಿಸಿ, ‘ಬಕೆಟ್ ದೊಡ್ಡದೇ ತಗೊಳ್ರೇ’ ಎಂದು ಹೇಳಿ ಒಳಗೆ ಕಳಿಸುತ್ತಿದ್ದರು.