ಪೊಟ್ಟಣ ಬಿಚ್ಚುವ ಮುನ್ನ ಓದಿ

ಅಭಿನಂದನೆಗಳು. ಕೆಲವೇ ಕಿಲೋಬೈಟ್ ತೂಗುವ ಸ್ಟೇಟ್ ಮೆಷಿನ್ ಲೈಬ್ರರಿಯೊಂದನ್ನು ನೀವು ಮನೆ ತುಂಬಿಸಿಕೊಂಡಿದ್ದೀರಿ. ಯಾರೂ ಓದದ ಈ ಕೈಪಿಡಿ ಅದರ ಜೊತೆಗೆ ಉಚಿತ.

ಮೊದಲು ಹಳೆಯ ಕಸ ಗುಡಿಸಿ. ನಿಮ್ಮ ಕೋಡಿನಲ್ಲಿ ಇಸ್‌ಲೋಡಿಂಗ್, ಇಸ್‌ಎರರ್, ಇಸ್‌ಡನ್, ಇಸ್‌ರೀಟ್ರೈ ಅಂತ ನಾಲ್ಕು ಫ್ಲ್ಯಾಗ್‌ಗಳಿರುತ್ತವೆ. ಇಲ್ಲ ಅನ್ನಬೇಡಿ, ಇರುತ್ತವೆ. ಒಂದೊಂದೂ ಹೌದು ಅಥವಾ ಅಲ್ಲ. ಹೊಂದಿಸಿ ನೋಡಿದರೆ 16 ಬಗೆ. ಪುಟಕ್ಕೆ ಬೇಕಾದ್ದು ನಾಲ್ಕೋ ಐದೋ. ಮಿಕ್ಕವು ಕರೆಯದೇ ಊಟಕ್ಕೆ ಬಂದು ಕೂತವು. ನಾನು ಬರೆದ ಪಾವತಿ ಪುಟವೊಂದರಲ್ಲಿ ‘ಹಣ ಸಂದಿದೆ’ ಎಂಬ ಹಸಿರು ಪಟ್ಟಿ, ಕೆಳಗೆ ‘ವಿಫಲ, ಮತ್ತೆ ಪ್ರಯತ್ನಿಸಿ’ ಎಂಬ ಕೆಂಪು ಪಟ್ಟಿ, ನಡುವೆ ಗಿರಗಿರ ತಿರುಗುವ ಚಕ್ರ ಮೂರೂ ಒಟ್ಟಿಗೆ ದರ್ಶನ ಕೊಟ್ಟವು. ಗ್ರಾಹಕರೊಬ್ಬರು ಕೆಂಪನ್ನು ನಂಬಿ ಇನ್ನೊಮ್ಮೆ ಒತ್ತಿದರು. ಹಣ ಎರಡು ಸಲ ಹೋಯಿತು.

ಇನ್ನು ಜೋಡಣೆ. ಕಾಗದ, ಪೆನ್ಸಿಲ್ ತನ್ನಿ (ಪೊಟ್ಟಣದಲ್ಲಿಲ್ಲ). ಮೆಷಿನ್ ಒಂದು ಹೊತ್ತಿಗೆ ಒಂದೇ ಸ್ಥಿತಿಯಲ್ಲಿರುತ್ತದೆ. ಒಂದೊಂದು ಸ್ಥಿತಿಗೂ ಒಂದು ಪೆಟ್ಟಿಗೆ ಬರೆಯಿರಿ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಗೆ ಬಾಣ, ಪೆಟ್ಟಿಗೆಯೊಳಗೆ ಮರಿಪೆಟ್ಟಿಗೆ. ಈ ಮರಿಪೆಟ್ಟಿಗೆಯ ಉಪಾಯ ಇಸ್ರೇಲಿನ ಡೇವಿಡ್ ಹರೇಲ್ ಅವರದು. 1983ರ ಸುಮಾರಿಗೆ ಅವರು ಲಾವಿ ಯುದ್ಧವಿಮಾನದ ಎಂಜಿನಿಯರುಗಳ ಜೊತೆ ಕೂತು, ಇಂಥ ಹೊತ್ತಿನಲ್ಲಿ ಈ ಗುಂಡಿ ಒತ್ತಿದರೆ ಏನಾಗುತ್ತದೆ ಅಂತ ಕೇಳುತ್ತ ಕೇಳುತ್ತ ಸ್ಟೇಟ್‌ಚಾರ್ಟ್ ಕಂಡುಕೊಂಡರು. ಪ್ರಬಂಧ ಅಚ್ಚಾದದ್ದು 1987ರಲ್ಲಿ. ವಿಮಾನದ ಯೋಜನೆ ರದ್ದಾದದ್ದೂ ಅದೇ ವರ್ಷ. ಗುಂಡಿಯ ಪ್ರಶ್ನೆ ಮಾತ್ರ ನಮ್ಮ ಪಾಲಿಗೆ ಉಳಿಯಿತು.

ನನ್ನ ಪುಟವನ್ನೇ ತೆಗೆದುಕೊಳ್ಳಿ. ‘ಪಾವತಿ’ ದೊಡ್ಡ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ‘ಕಾರ್ಡ್ ವಿವರ’, ‘ಒಟಿಪಿ’, ‘ಬ್ಯಾಂಕಿನ ಉತ್ತರಕ್ಕೆ ಕಾಯುವುದು’. ಒಟಿಪಿಯಲ್ಲಿದ್ದಾಗ ಯಾರೋ ‘ರದ್ದು’ ಒತ್ತುತ್ತಾರೆ. ಒಟಿಪಿಗೆ ಏನೂ ಗೊತ್ತಿಲ್ಲ, ‘ಅಪ್ಪನ್ನ ಕೇಳಿ’ ಅನ್ನುತ್ತದೆ. ಇವೆಂಟ್ ಮೇಲೆ ಹೋಗುತ್ತದೆ, ಪಾವತಿ ಉತ್ತರಿಸುತ್ತದೆ. ಮೂರು ಕಡೆ ಎಳೆಯಬೇಕಿದ್ದ ಬಾಣ ಒಂದೇ ಕಡೆ ಸಾಕು. ಆದರೆ ಬ್ಯಾಂಕಿಗೆ ಕಾಯುವ ಮಗು ‘ರದ್ದು’ವನ್ನು ತಾನೇ ಹಿಡಿದು ನುಂಗಬೇಕು, ದುಡ್ಡು ದಾರಿಯಲ್ಲಿದೆ. ಮಗು ಹಿಡಿದರೆ ಅಪ್ಪನವರೆಗೆ ಸುದ್ದಿಯೇ ಹೋಗದು. ಇನ್ನು ಆ ಸ್ಥಿತಿಯಿಂದ ‘ಹಣ ಕಟ್ಟು’ ಗುಂಡಿಗೆ ಬಾಣವನ್ನೇ ಎಳೆಯಬೇಡಿ. ಹತ್ತು ಸಲ ಒತ್ತಿದರೂ ಮೆಷಿನ್ ಕಲ್ಲಿನಂತೆ ಕೂತಿರುತ್ತದೆ. (ಸರ್ವರ್ ಕಡೆಯೂ ಕಾವಲಿರಲಿ. ಬ್ರೌಸರನ್ನು ನಂಬಿ ಕೆಟ್ಟವರ ಪೈಕಿ ನಾನೂ ಒಬ್ಬ.)

ಸ್ಥಿತಿ ಬಿಟ್ಟು ಹೊರಡುವಾಗ ಮರಿಪೆಟ್ಟಿಗೆ ಮೊದಲು, ದೊಡ್ಡದು ಆಮೇಲೆ. ಒಳಗೆ ಬರುವಾಗ ತಿರುಗುಮುರುಗು. ಕೋಣೆಯ ದೀಪ ಆರಿಸಿಯೇ ಬೀದಿ ಬಾಗಿಲಿಗೆ ಬೀಗ ಹಾಕುವುದಲ್ಲವೇ? ಒಟಿಪಿಗೆ ಕಾಲಿಡುವಾಗ ಟೈಮರ್ ಶುರು, ಕಾಲ್ತೆಗೆಯುವಾಗ ಬಂದ್ ಎಂದು ಬರೆದುಬಿಟ್ಟರೆ, ಯಾವ ದಾರಿಯಲ್ಲಿ ಓಡಿಹೋದರೂ ಟೈಮರ್ ಅನಾಥವಾಗಿ ಟಿಕ್ ಟಿಕ್ ಅನ್ನುವುದಿಲ್ಲ. ಈ ಒಂದು ಅನುಕೂಲಕ್ಕೇ ಕೊಟ್ಟ ಕಿಲೋಬೈಟ್ ವಸೂಲಾಯಿತು ಎಂಬುದು ನನ್ನ ಅಭಿಪ್ರಾಯ.

ಎಚ್ಚರಿಕೆಗಳು. ಗ್ರಾಹಕರ ಹೆಸರು, ಮೊತ್ತ ಇವೆಲ್ಲ ಸ್ಥಿತಿಗಳಲ್ಲ, ಬರೀ ಮಾಹಿತಿ. ಅವಕ್ಕೆ ಪೆಟ್ಟಿಗೆ ಕಟ್ಟಬೇಡಿ. ಮೆನು ತೆರೆದು ಮುಚ್ಚಲು ಒಂದು ಫ್ಲ್ಯಾಗ್ ಸಾಕು, ಸೊಳ್ಳೆಗೆ ಫಿರಂಗಿ ಬೇಡ. ‘ಯಾವುದಕ್ಕೂ ಇರಲಿ’ ಅಂತ ಹಳೆಯ ಇಸ್‌ಲೋಡಿಂಗನ್ನು ಮೂಲೆಯಲ್ಲಿ ಉಳಿಸಿಕೊಂಡರೆ ಖಾತರಿ ರದ್ದು. ಕೊಳ್ಳುವ ಮುಂಚೆ ಚೀಟಿ ಓದಿ: ಎಷ್ಟೋ ಹಗುರ ಲೈಬ್ರರಿಗಳು ಹಗುರಾಗಿರುವುದೇ ಏನನ್ನಾದರೂ ಬಿಟ್ಟು. ಎಕ್ಸ್‌ಸ್ಟೇಟ್ ಎಂಬ ಸ್ಟೇಟ್ ಮೆಷಿನ್ ಲೈಬ್ರರಿಯ ಬಳಗದಿಂದ ಬಂದ, ಸುಮಾರು 1 ಕಿಲೋಬೈಟಿನ ಎಫ್‌ಎಸ್‌ಎಂ ಎಂಬ ಕೂಸಿನಲ್ಲಿ ಮರಿಪೆಟ್ಟಿಗೆಯೇ ಇರಲಿಲ್ಲ.

ದೂರುಗಳಿದ್ದರೆ ನಿಮ್ಮ ಪೆಟ್ಟಿಗೆ–ಬಾಣಗಳ ಚಿತ್ರ ಸಮೇತ ಬನ್ನಿ. ಕೋಡ್ ಮಾತ್ರ ತಂದವರನ್ನು ಒಳಗೆ ಬಿಡುವುದಿಲ್ಲ.