ಗೋಡೆಗೆ ದೇವರೇ ಗತಿ

ಸುಬ್ಬ: ರಾಯರೇ, ಗೋಡೆ ಒದ್ದೆ ಮಾಡೋರ ಬಗ್ಗೆ ಯಾರಿಗೆ ಹೇಳೋದು?

ರಾಯರು: ವಾರ್ಡ್ ಸಮಿತಿಗೆ. ಸಂವಿಧಾನದ 1992ರ 74ನೇ ತಿದ್ದುಪಡಿಯೇ ಕೊಟ್ಟ ವರ. ಅಧ್ಯಕ್ಷರು ನಿಮ್ಮ ಕಾರ್ಪೊರೇಟರ್.

ಸುಬ್ಬ: ಬೆಂಗಳೂರಲ್ಲಿ ಅವರ ಅವಧಿ 2020ರ ಸೆಪ್ಟೆಂಬರಿಗೇ ಮುಗೀತಲ್ಲ?

ರಾಯರು: ಹಾಗಂತ ಆಡಳಿತ ಸುಮ್ಮನಿತ್ತೇ? 2025ರಲ್ಲಿ ಪಾಲಿಕೆಯೇ ಐದು ಪಾಲಾಯಿತು! ತರ್ಕ ಸರಳ ನೋಡು: ಸದಸ್ಯರಿದ್ದರೆ ಸಭೆ, ಸಭೆಯಿದ್ದರೆ ಜಗಳ, ಯಾರೂ ಇಲ್ಲದಿದ್ದರೆ ಒಮ್ಮತ. ದೂರು ಕೇಳೋರಿಲ್ಲದೆ ನಿವಾಸಿಗಳೇ ಗೋಡೆಗೆ ಸರ್ವಧರ್ಮದ ದೇವರ ಟೈಲ್ಸ್ ಅಂಟಿಸಿದರು. ಚುನಾವಣೆಯಿಲ್ಲದೆಯೇ ಎಲ್ಲರಿಗೂ ಪ್ರಾತಿನಿಧ್ಯ! ಈ ದೇವರುಗಳು ಸಂಬಳ, ಭತ್ಯೆ, ಪ್ರವಾಸ ಯಾವುದೂ ಕೇಳೋದಿಲ್ಲ.

ಸುಬ್ಬ: ಆದ್ರೆ ಜನ ಎದುರುಗಡೆ ಗೋಡೆಗೆ ಹೋದ್ರಲ್ಲ?

ರಾಯರು: ಅದು ಬೇರೆ ಪಾಲಿಕೆ. ನಮ್ಮ ಸಮಸ್ಯೆ ಬಗೆಹರೀತು!

ಸುಬ್ಬ: ಒಂದು ಶೌಚಾಲಯ ಕಟ್ಟಿಸಿದ್ರೆ?

ರಾಯರು: ಕಟ್ಟಿಸಬಹುದು. ಉದ್ಘಾಟನೆಗೆ ಕಾರ್ಪೊರೇಟರ್ ಬೇಕಲ್ಲಪ್ಪಾ!