ದಯವಿಟ್ಟು ನಮ್ಮನ್ನು ಯಂತ್ರಗಳಂತೆ ನಡೆಸಿಕೊಳ್ಳಿ

ಗೆ,
ಮ್ಯಾನೇಜಿಂಗ್ ಡೈರೆಕ್ಟರ್ ಸಾಹೇಬರು,
ಸ್ಟೀಲ್ ಫ್ಯಾಬ್ರಿಕೇಷನ್ ಷೆಡ್, ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು.

ವಿಷಯ: ಕಾರ್ಮಿಕರಿಗೆ ಯಂತ್ರಗಳ ಸ್ಥಾನಮಾನ ಕೋರಿ ಅರ್ಜಿ.

ಮಾನ್ಯರೇ,

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಈ ಸಲ ತಾವು ಅದನ್ನು ಒಂದು ವಾರಕ್ಕೆ ಹಿಗ್ಗಿಸಿ, ಜೊತೆಗೆ ‘ಉದ್ಯೋಗಿ ಕ್ಷೇಮ ಅಭಿಯಾನ’ವನ್ನೂ ಸೇರಿಸಿದಿರಿ. ಗೇಟಿಗೆ ಹಸಿರು ಫ್ಲೆಕ್ಸ್ ಬಂತು. ಪ್ರತಿಜ್ಞೆ ಬೋಧಿಸಿದ್ದಾಯಿತು. ಘೋಷವಾಕ್ಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಅಕೌಂಟ್ಸ್ ವಿಭಾಗದ ಪಾಲಾಯಿತು. ಕೊನೆಯ ದಿನ ಟೈ ಕಟ್ಟಿದ ತರಬೇತುದಾರರೊಬ್ಬರು ನಮ್ಮನ್ನು ಪ್ಲೇಟ್ ಯಾರ್ಡಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ‘ಆಳವಾಗಿ ಉಸಿರೆಳೆದುಕೊಳ್ಳಿ’ ಅಂದರು. ಪಕ್ಕದ ಬೇಯಲ್ಲಿ ಬಿಳಿ ಹೊಗೆ ಎಬ್ಬಿಸುತ್ತ ಜಿಐ ಪೈಪಿಗೆ ಟ್ಯಾಕ್ ವೆಲ್ಡ್ ಹಾಕುತ್ತಿದ್ದರು. ತರಬೇತುದಾರರ ಮಾತಿಗೆ ಮರ್ಯಾದೆ ಕೊಟ್ಟು ನಾವು ಅರ್ಧ ಉಸಿರು ಎಳೆದುಕೊಂಡೆವು.

ಆಮೇಲೆ ತಾವು ಮೈಕ್ ಹಿಡಿದು, ‘ನೀವು ಯಂತ್ರಗಳಲ್ಲ, ನಮ್ಮ ಕುಟುಂಬದವರು’ ಎಂದಿರಿ. ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು. ಊಟಕ್ಕೆ ಕೂತಾಗ ಮಾತ್ರ ಎದೆ ಧಸಕ್ಕೆಂದಿತು. ಯಂತ್ರಗಳಲ್ಲ ಎಂದಮೇಲೆ ಯಂತ್ರಗಳಿಗೆ ಸಿಗುವ ಯಾವ ಸೌಲಭ್ಯವೂ ನಮಗಿಲ್ಲ ಎಂದು ತೀರ್ಮಾನವಾದ ಹಾಗೇ ಅಲ್ಲವೇ? ಆ ಮಾತನ್ನು ದಯಮಾಡಿ ವಾಪಸ್ ಪಡೆಯಬೇಕೆಂದು ಕೇಳಿಕೊಳ್ಳಲು ಈ ಪತ್ರ.

ನಮ್ಮ 400 ಆಂಪಿಯರ್ ವೆಲ್ಡಿಂಗ್ ರೆಕ್ಟಿಫೈಯರ್ ಇದೆಯಲ್ಲ, ಅದರ ಬೆನ್ನಿಗೆ ಒಂದು ತಗಡಿನ ಪಟ್ಟಿ ಹೊಡೆದಿದ್ದಾರೆ. ಡ್ಯೂಟಿ ಸೈಕಲ್ 60%. ಅಷ್ಟು ಕರೆಂಟಿನಲ್ಲಿ ಓಡಿಸುವುದಾದರೆ ಪ್ರತಿ 10 ನಿಮಿಷಕ್ಕೆ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ. ಮೀರಿದರೆ ಥರ್ಮಲ್ ಕಟ್‌ಆಫ್ ಬಿದ್ದು ತಾನೇ ನಿಂತುಕೊಳ್ಳುತ್ತದೆ. ಅದಕ್ಕೆ ಯಾರೂ ಮೆಮೊ ಕೊಟ್ಟದ್ದಿಲ್ಲ, ಅರ್ಧ ದಿನದ ಸಂಬಳ ಹಿಡಿದದ್ದಿಲ್ಲ. ಸೂಪರ್‌ವೈಸರ್ ಖುದ್ದಾಗಿ ಬಂದು, ಅದರ ಮೈ ಮುಟ್ಟಿ ನೋಡಿ, ‘ಬಿಸಿಯಾಗಿದೆ, ಸ್ವಲ್ಪ ಹೊತ್ತು ಬಿಡ್ರೋ’ ಅನ್ನುತ್ತಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಶೀಟಿನ ಚಾವಣಿಯ ಕೆಳಗೆ, ಚರ್ಮದ ಏಪ್ರನ್ ಕಟ್ಟಿಕೊಂಡು ಪ್ರೀಹೀಟ್ ಮಾಡಿದ ಪ್ಲೇಟಿನ ಮೇಲೆ ಬಗ್ಗಿದವನ ಮೈಯನ್ನು ಯಾರೂ ಹೀಗೆ ಮುಟ್ಟಿ ನೋಡಿದ್ದನ್ನು ನಾನು ಕಂಡಿಲ್ಲ.

ನಮ್ಮ ಡ್ಯೂಟಿ ಸೈಕಲನ್ನು ವಿಧಾನಸೌಧದಲ್ಲಿ ಬರೆಯುತ್ತಾರೆ. 2023ರಲ್ಲಿ ಕಾರ್ಖಾನೆ ಕಾಯ್ದೆಗೆ ನಮ್ಮ ರಾಜ್ಯ ತಿದ್ದುಪಡಿ ತಂದು, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿ ಮಿತಿ 145ಕ್ಕೆ ಏರಿತು. ವಾರಕ್ಕೆ 48 ಗಂಟೆ ದಾಟಬಾರದು, ಕಾರ್ಮಿಕನ ಲಿಖಿತ ಒಪ್ಪಿಗೆ ಇರಬೇಕು ಎಂದೂ ಅದರಲ್ಲಿತ್ತು. ಒಪ್ಪಿಗೆಯ ಬಗ್ಗೆ ತಕರಾರಿಲ್ಲ, ಸ್ವಾಮಿ. ಕೆಲಸಕ್ಕೆ ಸೇರಿದ ದಿನವೇ ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಜೊತೆ ಅದನ್ನೂ ಪಿನ್ ಹೊಡೆದು ಕೊಟ್ಟಿದ್ದೇವೆ. ದಿನಾಂಕದ ಜಾಗ ಖಾಲಿ ಬಿಟ್ಟಿದ್ದೇವೆ, ತಮ್ಮ ಅನುಕೂಲಕ್ಕೆ. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎಂಬ ಸಾಲು ಮಾತ್ರ ನಮ್ಮ ಕಂಟ್ರಾಕ್ಟರ್ ಓದುವಾಗ ಹೇಗೋ ಕಣ್ತಪ್ಪಿ ಹೋಗುತ್ತದೆ.

ನಿಜವಾಗಿ ಹೊಟ್ಟೆ ಉರಿಯುವುದು 7018 ವೆಲ್ಡಿಂಗ್ ರಾಡನ್ನು ಕಂಡರೆ. ಅದರ ಮೈಗೆ ತೇವ ತಾಗಬಾರದು. ತಾಗಿದರೆ ಹೈಡ್ರೋಜನ್ ಒಳಸೇರಿ, ಹೊರಗೆ ಚೆನ್ನಾಗಿಯೇ ಕಾಣುವ ಜಾಯಿಂಟು ಎಷ್ಟೋ ಗಂಟೆ ಕಳೆದ ಮೇಲೆ ಒಳಗೊಳಗೇ ಬಿರುಕು ಬಿಡುತ್ತದೆ. ಆದ್ದರಿಂದ ಅದಕ್ಕೆ ಬೇಕಿಂಗ್ ಓವನ್, ಹೋಲ್ಡಿಂಗ್ ಓವನ್, ಅಲ್ಲಿಂದ ಕೆಲಸದ ಜಾಗಕ್ಕೆ ಹೋಗಲು ಬೆಚ್ಚನೆಯ ಕ್ವಿವರ್. ಮನೆಯಿಂದ ಹೊರಗೆ ಅದು 4 ಗಂಟೆ ಇರಬಹುದು. ಅದಕ್ಕಿಂತ ಹೆಚ್ಚಾದರೆ ಮತ್ತೆ ಓವನ್ನಿಗೆ, ಅದೂ ಒಂದೇ ಸಲ. ಎರಡನೇ ಸಲಕ್ಕೆ ಅದರಿಂದ ಕೆಲಸ ಮಾಡಿಸುವಂತಿಲ್ಲ. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆಯಲು ರಿಜಿಸ್ಟರ್. ಥರ್ಮಾಮೀಟರಿಗೆ ಕ್ಯಾಲಿಬ್ರೇಷನ್ ಸ್ಟಿಕ್ಕರ್. ಕಳೆದ ಮಳೆಗಾಲದಲ್ಲಿ ಓವನ್ನಿನ ಹೀಟರ್ ಕೆಟ್ಟಾಗ ತಾವೇ ಭಾನುವಾರ ಎಲೆಕ್ಟ್ರಿಷಿಯನ್‌ನನ್ನು ಕರೆಸಿದಿರಿ.

ಅದೇ ಮಳೆಯಲ್ಲಿ ಕಂಟ್ರಾಕ್ಟರ್ ಕೊಟ್ಟ ರೂಮಿನಲ್ಲಿ ಬಿಹಾರದ ಹುಡುಗರು ಬಕೆಟ್ ಇಟ್ಟುಕೊಂಡು ಸರದಿಯ ಮೇಲೆ ಮಲಗುತ್ತಿದ್ದರು. ಬೆಳಿಗ್ಗೆ ಒದ್ದೆ ಡಂಗರಿ ತೊಟ್ಟೇ ಡ್ಯೂಟಿಗೆ ಬರುತ್ತಿದ್ದರು. ಒದ್ದೆ ಬಟ್ಟೆ, ಒದ್ದೆ ಗ್ಲೌಸು, ಕೈಯಲ್ಲಿ ಹೋಲ್ಡರ್: ಶಾಕ್ ಹೊಡೆಯಲು ಇನ್ನೇನು ಬೇಕು? ಬಟ್ಟೆ ಇಡಲು, ಒದ್ದೆಯಾದದ್ದನ್ನು ಒಣಗಿಸಲು ಜಾಗ ಕೊಡಿ ಎಂದು 1948ರ ಕಾಯ್ದೆಯಲ್ಲೇ ಬರೆದಿತ್ತು. ಹುಡುಗರಲ್ಲೊಬ್ಬ ಗ್ಲೌಸನ್ನು ಓವನ್ನಿನ ಮೇಲಿಟ್ಟು ಒಣಗಿಸಲು ಹೋದ. ರಾಡಿಗೆ ತೇವ ಹೋಗುತ್ತದೆ ಎಂದು ಬೈಸಿಕೊಂಡ.

ಇನ್ನು ವೈದ್ಯಕೀಯ ತಪಾಸಣೆ. ಜಾಯಿಂಟಿಗೆ ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ಕೆಂಪು ಬಣ್ಣ ಬಳಿದು ಡಿಪಿ ಟೆಸ್ಟ್, ಆಮೇಲೆ ಅಲ್ಟ್ರಾಸೋನಿಕ್, ಗಿರಾಕಿ ಪಟ್ಟು ಹಿಡಿದರೆ ರಾತ್ರಿ ಹಗ್ಗ ಕಟ್ಟಿ ಎಲ್ಲರನ್ನೂ ಹೊರಗೆ ಕಳಿಸಿ ಎಕ್ಸ್‌ರೇ. ಫಿಲ್ಮಿನಲ್ಲಿ ಸಾಸಿವೆಕಾಳಿನಷ್ಟು ಗಾಳಿಗುಳ್ಳೆ ಕಂಡರೆ ಮೀಟಿಂಗ್. ಆ ಜಾಯಿಂಟು ಹಾಕುವಾಗ ಎದ್ದ ಹೊಗೆ ಹೋದದ್ದು ಹಾಕಿದವನ ಎದೆಯೊಳಕ್ಕೆ. ಆ ಎದೆಯ ಫಿಲ್ಮು ತೆಗೆಸಿದವರು ಯಾರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲೇ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ನಮ್ಮ ಸೆಕ್ಯುರಿಟಿಯವರು ಗೇಟಿನಲ್ಲಿ ಜೇಬು ತಡಕಿ ಬೀಡಿ ಕಸಿದುಕೊಂಡು, ಆರೋಗ್ಯ ನೋಡಿಕೊಳ್ಳಿ ಎಂದು ಬುದ್ಧಿ ಹೇಳಿ, ಬೇಯೊಳಕ್ಕೆ ಕಳಿಸುತ್ತಾರೆ.

ಭಿಲಾಯಿಯಿಂದ ಬಂದ ಪ್ಲೇಟಿಗೆ ಹೀಟ್ ನಂಬರ್ ಇರುತ್ತದೆ. ಕತ್ತರಿಸಿ ಉಳಿದ ತುಂಡಿಗೂ ಅದೇ ನಂಬರನ್ನು ಪಂಚ್ ಮಾಡುತ್ತೇವೆ, ಅದರ ಹುಟ್ಟು ಕುಲ ಮರೆಯದಿರಲೆಂದು. ಕಂಟ್ರಾಕ್ಟರಿಂದ ಕಂಟ್ರಾಕ್ಟರಿಗೆ ಕೈ ಬದಲಾದ ಹೆಲ್ಪರನ ಪಿಎಫ್ ಯಾವ ಖಾತೆಯಲ್ಲಿದೆ ಎಂಬುದು ಅವನಿಗೇ ಗೊತ್ತಿಲ್ಲ. ಜಾಯಿಂಟಿನ ಪಕ್ಕ ನಮ್ಮ ವೆಲ್ಡರ್ ನಂಬರನ್ನೂ ಪಂಚ್ ಮಾಡುತ್ತಾರೆ ನಿಜ. ತಪ್ಪು ಸಿಕ್ಕರೆ ನಮ್ಮನ್ನು ಹುಡುಕಿಕೊಂಡು ಬರಲು ಅದು ಸಾಕು. ಬೋನಸ್ ಹೊತ್ತಿಗೆ ಆ ನಂಬರು ಯಾರಿಗೂ ನೆನಪಾಗುವುದಿಲ್ಲ.

ಜಿಐ ಕೆಲಸದ ವಿಚಾರಕ್ಕೆ ಬರುತ್ತೇನೆ. ಮೇಲಿನ ಸತುವಿನ ಲೇಪ ಉರಿದು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದವನಿಗೆ ಸಂಜೆಯ ಮೇಲೆ ಚಳಿ, ಜ್ವರ, ಬಾಯಲ್ಲಿ ಲೋಹದ ರುಚಿ. ಮರುದಿನ ಇಳಿದುಹೋಗುತ್ತದೆ. ದಿನಾ ಕುಡಿದರೆ ಮೈ ಒಗ್ಗಿಕೊಳ್ಳುತ್ತದೆ, ಒಂದು ಭಾನುವಾರ ರಜೆ ಸಿಕ್ಕರೆ ಆ ಒಗ್ಗಿಕೆ ಹೋಗಿ ಸೋಮವಾರ ಮತ್ತೆ ಜ್ವರ. ಡಾಕ್ಟರುಗಳಿಗೆ ಬಹಳ ಹಿಂದಿನಿಂದ ಗೊತ್ತಿರುವ ಕಾಯಿಲೆ ಇದು. ನಮ್ಮ ಎಚ್‌ಆರ್ ಮೇಡಂ ಮಂಗಳವಾರದ ಗೈರುಹಾಜರಿಯ ಪಟ್ಟಿ ನೋಡಿ, ಇದು ಭಾನುವಾರದ ಎಣ್ಣೆಯ ಪರಿಣಾಮ ಎಂದು ಕಂಡುಹಿಡಿದರು. ಪರಿಹಾರವಾಗಿ ಭಾನುವಾರವೂ ಓಟಿ ಇಟ್ಟರು. ಒಪ್ಪಬೇಕಾದ ಮಾತು, ಜ್ವರ ಕಡಿಮೆಯಾಯಿತು. ಈಗ ಹೊಗೆಯ ದಿನ ತಲೆಗೊಂದು ಬೆಲ್ಲದ ಉಂಡೆ, ಒಂದು ಬಾಳೆಹಣ್ಣು ಕೊಡುತ್ತಿದ್ದೀರಿ. ಎರಡೂ ಹೊಟ್ಟೆಗೆ ಹೋಗುತ್ತವೆ, ಹೊಗೆ ಹೋಗುವುದು ಬೇರೆ ಕೊಳವೆಯಲ್ಲಿ. ಬಾಳೆಹಣ್ಣು ಮಾತ್ರ ಚೆನ್ನಾಗಿತ್ತು.

ಕಣ್ಣಿನ ಮಾತು ಬಂತೆಂದರೆ ಸಿಸಿಟಿವಿ ನೆನಪಾಗುತ್ತದೆ. ಆರ್ಕಿನ ಬೆಳಕಿಗೆ ಕ್ಯಾಮೆರಾ ಹಾಳಾಗುತ್ತದೆ ಎಂದು ಹಾಕಿದವನು ಹೇಳಿದ ಕೂಡಲೇ ತಾವು ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿದಿರಿ. ಕೆಳಗೆ ಜಾಬ್ ಹಿಡಿದು ಕೂತಿದ್ದ ಹೆಲ್ಪರನ ಮುಖ ಇದ್ದ ಹಾಗೇ ಇತ್ತು. ಫಿಟ್ಟರ್ ‘ಹೂಂ’ ಅಂದಾಗ ಕಣ್ಣು ಮುಚ್ಚಬೇಕು, ಅದೇ ಅವನ ಬ್ಲ್ಯಾಕ್ ಗ್ಲಾಸು. ಆರ್ಕ್ ಹೊಡೆದದ್ದು ಆಗಲೇ ಗೊತ್ತಾಗುವುದಿಲ್ಲ. ಆರೇಳು ಗಂಟೆ ಕಳೆದು ಮಧ್ಯರಾತ್ರಿ ಕಣ್ಣೊಳಗೆ ಮರಳು ಸುರಿದ ಹಾಗೆ ಉರಿ ಶುರುವಾಗುತ್ತದೆ. ಆಲೂಗಡ್ಡೆ ಹೆಚ್ಚಿ ರೆಪ್ಪೆಯ ಮೇಲಿಟ್ಟುಕೊಂಡು ಬೆಳಗು ಮಾಡುತ್ತಾನೆ. ಬೆಳಿಗ್ಗೆ ಕೆಂಗಣ್ಣು ಹೊತ್ತು ಬಂದರೆ ಮತ್ತದೇ ಮಾತು: ರಾತ್ರಿ ಎಷ್ಟು ಹಾಕಿದೆಯೋ?

ಕ್ರೇನಿನ ಮೈಮೇಲೆ 10 ಟನ್ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಗ್ರೈಂಡಿಂಗ್ ವೀಲಿನ ಮೇಲೆ ಎಷ್ಟು ವೇಗ ತಡೆಯುತ್ತದೆ ಎಂಬುದೂ, ಯಾವ ತಿಂಗಳಿಗೆ ಅದರ ಆಯಸ್ಸು ಮುಗಿಯುತ್ತದೆ ಎಂಬುದೂ ಅಚ್ಚಾಗಿರುತ್ತದೆ. ಹೆಲ್ಪರನ ಬೆನ್ನ ಮೇಲೂ ಏನಾದರೂ ಬರೆಸಿ. ಆಯುಧಪೂಜೆಗೆ ಯಂತ್ರಗಳಿಗೆ ಕುಂಕುಮ, ಚೆಂಡು ಹೂವು, ಬೂದುಗುಂಬಳಕಾಯಿ, ಪೂರ್ತಿ ದಿನ ರಜೆ. ನಾವು ಬೆಳಿಗ್ಗೆ ಬೇಗ ಬಂದು ಅವುಗಳ ಮೈ ತೊಳೆದುಕೊಟ್ಟು, ಪುರಿ ಪೊಟ್ಟಣ ಹಿಡಿದುಕೊಂಡು ಹೋಗುತ್ತೇವೆ.

ಕುಟುಂಬ ಅಂದಿರಲ್ಲ, ಲೆಕ್ಕ ಹಾಕಿದರೆ ಅದು ಬಹಳ ಚಿಕ್ಕ ಕುಟುಂಬ. ರೋಲಿನ ಮೇಲಿರುವವರು ಬೆರಳೆಣಿಕೆ, ಮಿಕ್ಕವರು ಮೂವರು ಕಂಟ್ರಾಕ್ಟರುಗಳ ಮಕ್ಕಳು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಮೊದಲು ವಿದ್ಯುತ್ ಬಳಸುವ ಕಡೆ 10 ಜನ ದುಡಿದರೆ ಅದು ಕಾರ್ಖಾನೆ, ಈಗ 20 ಬೇಕು. ಪಕ್ಕದ ರಸ್ತೆಯಲ್ಲಿ 19 ಜನ ಗೇಟು, ಗ್ರಿಲ್ಲು, ಟ್ರಸ್ಸು ಮಾಡುವ ಷೆಡ್ಡು ಇನ್ನುಮುಂದೆ ಆ ಲೆಕ್ಕಕ್ಕೆ ಕಾರ್ಖಾನೆಯಲ್ಲ. ಅಲ್ಲಿ ಏಳುವ ಹೊಗೆಯೂ ಕಾರ್ಖಾನೆಯ ಹೊಗೆಯಲ್ಲ ಎಂದು ಶ್ವಾಸಕೋಶಗಳಿಗೆ ಯಾರಾದರೂ ಸುತ್ತೋಲೆ ಕಳಿಸಬೇಕು.

ನಾಯಕತ್ವದ ಬಗ್ಗೆ ತರಬೇತುದಾರರು ಒಂದು ಕಥೆ ಹೇಳಿದರು. 1987ರಲ್ಲಿ ಅಮೆರಿಕದ ಅಲ್ಕೋವಾ ಎಂಬ ಅಲ್ಯೂಮಿನಿಯಂ ಕಂಪನಿಗೆ ಪಾಲ್ ಓನೀಲ್ ಮುಖ್ಯಸ್ಥರಾದರು. ಹಣ ಹೂಡಿದವರ ಮುಂದೆ ಮೊದಲ ಭಾಷಣದಲ್ಲಿ ಲಾಭದ ಮಾತು ಬಿಟ್ಟು ಕಾರ್ಮಿಕರ ಸುರಕ್ಷತೆಯ ಮಾತೆತ್ತಿದರು. ಕೇಳಿದ ಕೆಲವರು ಷೇರು ಮಾರಲು ಓಡಿದರಂತೆ. ಮುಂದೆ ಗಾಯಾಳುಗಳ ಸಂಖ್ಯೆ ಇಳಿಯಿತು, ಲಾಭ ಏರಿತು. ಲಾಭ ಏರಿತು ಎಂಬಲ್ಲಿ ತಾವು ತಲೆಯಾಡಿಸಿದ್ದನ್ನು ನಾನು ನೋಡಿದೆ. ಆ ಮನುಷ್ಯ ತನ್ನ ಮನೆಯ ಫೋನ್ ನಂಬರನ್ನೇ ಕಾರ್ಮಿಕರಿಗೆ ಕೊಟ್ಟಿದ್ದರಂತೆ, ಮ್ಯಾನೇಜರುಗಳು ಕೇಳದಿದ್ದರೆ ನನಗೆ ಹೇಳಿ ಎಂದು. ನಮ್ಮ ಫ್ಲೆಕ್ಸಿನ ಮೂಲೆಯಲ್ಲೂ ಒಂದು ನಂಬರ್ ಇತ್ತು. ಎಕ್ಸಾಸ್ಟ್ ಫ್ಯಾನ್ ನಿಂತಿದೆ ಎಂದು ಹೇಳಲು ಫೋನ್ ಮಾಡಿದೆ. ಫ್ಲೆಕ್ಸ್ ಪ್ರಿಂಟ್ ಮಾಡಿದವರು ಎತ್ತಿದರು. ಬಹಳ ಸಮಾಧಾನದಿಂದ ಕೇಳಿಸಿಕೊಂಡರು.

ತಮ್ಮ ಕೋಣೆಯ ಬಾಗಿಲು ನಮಗೆ ಸದಾ ತೆರೆದಿರುತ್ತದೆ ಎಂದಿದ್ದೀರಿ. ಎರಡು ಸಲ ಬಂದಿದ್ದೆ. ಎಸಿ ತಂಪು ಹೊರಗೆ ಹೋಗಬಾರದೆಂದು ಹಾಕಿದ ಡೋರ್ ಕ್ಲೋಸರ್ ಬಹಳ ಗಟ್ಟಿಯಾಗಿದೆ.

ಆದ್ದರಿಂದ ಮಾನ್ಯರಲ್ಲಿ ಕೋರುವುದೇನೆಂದರೆ, ಯೋಗ ಬೇಡ, ಟೀ ಶರ್ಟೂ ಬೇಡ. ಮುಂದಿನ ವಾರ ಜಿಐ ಪ್ಲಾಟ್‌ಫಾರ್ಮಿನ ಆರ್ಡರ್ ಶುರುವಾಗುತ್ತದೆ ಎಂದು ಪ್ಲಾನಿಂಗ್‌ನವರು ಹೇಳಿದ್ದಾರೆ. ಅದಕ್ಕೆ ಮೊದಲು ಹೊಗೆ ಹೀರುವ ಬ್ಲೋವರ್ ಒಂದು, ಉದ್ದನೆಯ ಹೋಸ್ ಸಮೇತ, ವೆಲ್ಡಿಂಗ್ ಬೇಯಲ್ಲಿ ಹಾಕಿಸಿಕೊಡಿ. ಕೊಟೇಷನ್ ಸ್ಟೋರಿನಲ್ಲಿ ಕೊಟ್ಟಿದ್ದೇನೆ, ಎಲ್ಲಿಟ್ಟಿದ್ದಾರೋ ವಿಚಾರಿಸಬೇಕು. ಕ್ಷೇಮ ಅಭಿಯಾನದ ಖರ್ಚಿಗೇ ಬರೆದುಕೊಳ್ಳಿ, ಉದ್ಘಾಟನೆ ಇಟ್ಟುಕೊಳ್ಳಿ, ಫೋಟೊ ತೆಗೆಸಿ, ನಾವೆಲ್ಲ ಹಿಂದೆ ನಿಂತು ನಗುತ್ತೇವೆ. ರಿಬ್ಬನ್ ಕಟ್ಟುವವರಿಗೆ ಮಾತ್ರ ಒಂದು ಮಾತು ಹೇಳಿಡಿ: ಹೋಸಿನ ಬಾಯಿಗೆ ಅಡ್ಡ ಕಟ್ಟುವುದು ಬೇಡ, ಸಿಕ್ಕಿಕೊಂಡರೆ ಮೋಟರ್ ಸುಟ್ಟುಹೋಗುತ್ತದೆ.

ಇಂತಿ ತಮ್ಮ ವಿಧೇಯ,
ವೆಲ್ಡರ್ ನಂ. 17